8–9ನೇ ಕ್ಲಾಸಿನ ಮಕ್ಕಳಿಗೆ ಸರ್ಕಸ್ ಕಸರತ್ತು ಕಲಿಸುತ್ತಾ ಭಾವನೆಗಳ ಬಗ್ಗೆ ಮಾತಾಡಿಸುವುದು ಹೇಗೆ?

ಬ್ರಹ್ಮಾವರ_ಪಿಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಅನುದಾನಿತ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ ನಾನು. ಜೂನ್ ಎರಡನೇ ವಾರದಿಂದ ಪ್ರತಿ ಶನಿವಾರ ಒಂದು ಗಂಟೆ, ಒಟ್ಟು 12 ವಾರ, 32 ಮಕ್ಕಳೊಂದಿಗೆ ಒಂದು ಕಾರ್ಯಕ್ರಮ ಮಾಡಲು ಹೆಡ್ಮಾಸ್ಟರು ಒಪ್ಪಿದ್ದಾರೆ. ಜಗ್ಲಿಂಗ್, ಬ್ಯಾಲೆನ್ಸ್, ಸಣ್ಣಪುಟ್ಟ ಪಿರಮಿಡ್‌ನಂಥ ಸರ್ಕಸ್ ಕಸರತ್ತು ಕಲಿಸುತ್ತಾ, ಒಳಗೆ ಏನಾಗುತ್ತಿದೆ ಎಂದು ಮಕ್ಕಳೇ ಗುರುತಿಸುವ ಹಾಗೆ ಮಾಡುವುದು ಉದ್ದೇಶ.

ಈ ಪ್ರಾಯದವರಿಗೆ ಸಿಟ್ಟು ಬಂದರೆ ಹೊಡೆದಾಟ, ಬೇಸರ ಬಂದರೆ ಬಾಯಿ ಬಂದ್. "ಎಂತಾಯ್ತು?" ಎಂದು ಕೇಳಿದರೆ "ಎಂತ ಇಲ್ಲ ಟೀಚರ್" ಎಂಬ ಉತ್ತರ ಸಿದ್ಧ. ಬೆಂಚಿನಲ್ಲಿ ಕೂರಿಸಿ ಮಾಡುವ ಜೀವನ ಕೌಶಲದ ಪಾಠದಲ್ಲಿ ಯಾವ ಉತ್ತರ ಕೊಟ್ಟರೆ ಟೀಚರಿಗೆ ಖುಷಿ ಎಂದು ಅವರಿಗೆ ಗೊತ್ತುಂಟು, ಅದನ್ನೇ ಹೇಳುತ್ತಾರೆ. ಮೈ ಕೆಲಸ ಮಾಡುವಾಗ ಸುಳ್ಳು ಹೇಳುವುದು ಕಷ್ಟ ಎಂಬ ಲೆಕ್ಕದಲ್ಲಿ ಈ ದಾರಿ ಹಿಡಿದದ್ದು.

ಇರುವುದು: 40×25 ಅಡಿಯ ಹಾಲ್, ಟೈಲ್ಸ್ ನೆಲ, ಮೇಲೆ ಶೀಟು. ಆರು ಜಿಮ್ನಾಸ್ಟಿಕ್ ಮ್ಯಾಟ್. ಖರ್ಚಿಗೆ ಐದು ಸಾವಿರ ರೂಪಾಯಿ. ಆಪ್ತ ಸಮಾಲೋಚಕಿ ತಿಂಗಳಿಗೊಮ್ಮೆ ಬರುತ್ತಾರೆ.

ಯಾವುದರಿಂದ ಶುರು ಮಾಡಬೇಕು? ಕಸರತ್ತಿಗೂ ಭಾವನೆಯ ಮಾತಿಗೂ ಗಂಟು ಹಾಕುವುದು ಎಲ್ಲಿ? ಪೋಷಕರು "ಸರ್ಕಸ್ಸಾ?" ಎಂದು ಹುಬ್ಬೇರಿಸಿದರೆ ಎಂತ ಹೇಳುವುದು?

---

ಮೂರುಚೆಂಡು_ಕುಡ್ಲ

ಟೀಚರೇ, ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಕೆಲಸಕ್ಕೆ ಚೆಂಡು ಹಿಡಿಯುವುದಕ್ಕಿಂತ ಚೆಂಡು ಬೀಳುವುದು ಮುಖ್ಯ. ಗಾಬರಿ, ನಾಚಿಕೆ, ಕಿರಿಕಿರಿ, "ಇನ್ನೊಂದು ಸಲ ನೋಡುವ" ಎಂಬ ಹಟ, ಸಿಕ್ಕಿದಾಗ ಹೆಮ್ಮೆ, ಎಲ್ಲವೂ ಸಣ್ಣ ಪ್ರಮಾಣದಲ್ಲಿ ನಿಜವಾಗಿಯೇ ಬಂದುಹೋಗುತ್ತವೆ. ಒಂದು ಗಂಟೆಯಲ್ಲಿ ಐವತ್ತು ಸಲ ಬರುತ್ತವೆ. ಯಾರೂ ನಟಿಸಬೇಕಾಗಿಲ್ಲ. ಗಂಟು ಹಾಕುವ ಜಾಗ ಅದೇ.

ಶುರು ಬಟ್ಟೆಯಿಂದ. ಚೆಂಡು ಕಣ್ಣಿನ ಎತ್ತರಕ್ಕೆ, ಅಂದರೆ ಕೈಯಿಂದ ಸುಮಾರು 60 ಸೆಂ.ಮೀ. ಮೇಲಕ್ಕೆ ಹೋಗಿ ಬರಲು 0.7 ಸೆಕೆಂಡ್ ಸಾಕು. ಹೊಸಬರಿಗೆ ಆ ಹೊತ್ತಿನಲ್ಲಿ ಯೋಚಿಸಲಿಕ್ಕೂ ಆಗುದಿಲ್ಲ. ಶಿಫಾನ್ ತುಂಡು ಗಾಳಿಯಲ್ಲಿ ತೇಲಿಕೊಂಡು ನಿಧಾನ ಇಳಿಯುತ್ತದೆ, ಕೈ ಅದಲುಬದಲು ಮಾಡಲು ಸಮಯ ಸಿಗುತ್ತದೆ. ಒಂದು ಹಳೆ ಶಿಫಾನ್ ಸೀರೆ (ಐದೂವರೆ ಮೀಟರ್ ಉದ್ದ, 44 ಇಂಚು ಅಗಲ) ಉದ್ದಕ್ಕೆ ಎರಡು ಸೀಳಿ, ಒಂದೊಂದನ್ನು ಹತ್ತು ತುಂಡು ಮಾಡಿದರೆ 20 ಬಟ್ಟೆ. ಮೂರು ಸೀರೆಯಲ್ಲಿ ನಿಮ್ಮ ಕೆಲಸ ಆಯ್ತು. ಹತ್ತಿ ಸೀರೆ ಬೇಡ, ಧೊಪ್ಪನೆ ಬೀಳುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಶಿಫಾನ್ ಸಹ ತೇಲುವುದಿಲ್ಲ, ಹಿಂದಿನ ದಿನ ಇಸ್ತ್ರಿ ತೋರಿಸಿ ಡಬ್ಬದಲ್ಲಿ ಮುಚ್ಚಿಡಿ.

32 ಜನಕ್ಕೂ ಸಾಮಾನು ಕೊಡಬೇಡಿ. ಜೋಡಿ ಮಾಡಿ: ಒಬ್ಬ ಎಸೆಯುವುದು, ಒಬ್ಬ ಹೆಕ್ಕಿ ಕೊಡುವುದು, ಮೂರು ನಿಮಿಷಕ್ಕೊಮ್ಮೆ ಬದಲು. ನಿಮ್ಮ ಹಾಲಿನಲ್ಲಿ 16 ಜೋಡಿಗೆ ತಲಾ ಸುಮಾರು ಅರವತ್ತು ಚದರಡಿ ಜಾಗ ಸಿಗುತ್ತದೆ, ಸಾಕು. ಹೆಕ್ಕಿ ಕೊಡುವವನಿಗೆ ಇನ್ನೊಬ್ಬನ ಮುಖ, ಭುಜ, ಉಸಿರು ನೋಡುವ ಕೆಲಸವೂ ಸಿಗುತ್ತದೆ. ಇದಕ್ಕೆ ಮುಂದೆ ಬೆಲೆ ಬರುತ್ತದೆ.

ಮೂರನೇ ವಾರಕ್ಕೆ ಚೆಂಡು. ಅಂಗಡಿಯದ್ದು ಬೇಡ, ಟೆನಿಸ್ ಚೆಂಡಂತೂ ಬೇಡವೇ ಬೇಡ. ಹಗುರ, ಪುಟಿದು ಹಾಲಿಡೀ ಓಡುತ್ತದೆ. 100 ಗ್ರಾಂ ಹೆಸರುಕಾಳು ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಗಾಳಿ ತೆಗೆದು ಬಿಗಿಯಾಗಿ ಕಟ್ಟಿ. 12 ಇಂಚಿನ ಬಲೂನಿನ ಕುತ್ತಿಗೆ ಕತ್ತರಿಸಿ ಅದರ ಮೇಲೆ ಎಳೆಯಿರಿ. ಎರಡನೇ ಬಲೂನನ್ನು ಮೊದಲನೆಯದರ ಬಾಯಿ ಮುಚ್ಚುವ ಹಾಗೆ ಎದುರು ಕಡೆಯಿಂದ, ಮೂರನೆಯದನ್ನು ಮತ್ತೆ ಮೊದಲ ಕಡೆಯಿಂದ ಹಾಕಿ. ಆರು–ಆರೂವರೆ ಸೆಂ.ಮೀ. ದಪ್ಪದ, ಬಿದ್ದಲ್ಲೇ ಕೂರುವ ಚೆಂಡು ಸಿದ್ಧ. 48 ಚೆಂಡಿಗೆ ಐದು ಕೆ.ಜಿ.ಯೊಳಗೆ ಹೆಸರು, 150 ಬಲೂನು. ನಮ್ಮೂರಿನ ಹಸಿ ಗಾಳಿಗೆ ಕಾಳು ಬೂಷ್ಟು ಹಿಡಿಯುತ್ತದೆ, ಹುಳವೂ ಬೀಳುತ್ತದೆ. ಹಾಗಾಗಿ ಮೊದಲೇ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಪೂರ್ತಿ ಆರಿಸಿಯೇ ತುಂಬಿಸಿ.

ಕಲಿಸುವ ಕ್ರಮ: ಒಂದು ಚೆಂಡು, ಬಲಗೈಯಿಂದ ಎಡಗೈಗೆ, ಕಣ್ಣಿನ ಎತ್ತರದ ಕಮಾನು. ಆಮೇಲೆ ಎರಡು: ಮೊದಲನೆಯದು ತುದಿ ಮುಟ್ಟಿ ಇಳಿಯಲು ಶುರು ಮಾಡಿದಾಗ ಎರಡನೆಯದನ್ನು ಅದರ ಕೆಳಗಿನಿಂದ ಎಸೆಯಬೇಕು. ಬಾಯಲ್ಲಿ "ಎಸೆ, ಎಸೆ, ಹಿಡಿ, ಹಿಡಿ" ಎಂದು ಹೇಳಿಸಿ. ಎಲ್ಲರೂ ತಪ್ಪುವುದು ಇಲ್ಲೇ. ಎರಡನೇ ಚೆಂಡನ್ನು ಎಸೆಯದೆ ಅಡ್ಡಕ್ಕೆ ಕೈಯಿಂದ ಕೈಗೆ ದಾಟಿಸಿಬಿಡುತ್ತಾರೆ. ಎಡಗೈಯಿಂದ ಮೊದಲು ಎಸೆಯಲು ಹೇಳಿದರೆ ಅದು ಬಿಡುತ್ತದೆ. ಎರಡನೇ ತಪ್ಪು, ಚೆಂಡು ಮುಂದಕ್ಕೆ ಹೋಗಿ ಅದರ ಹಿಂದೆ ಮಕ್ಕಳೂ ನಡೆಯುವುದು. ಗಾಬರಿಯಲ್ಲಿ ಕೈ ಮುಂದೆ ಚಾಚುತ್ತದೆ, ಅದಕ್ಕೆ. ಗೋಡೆಗೆ ಎದುರಾಗಿ ಎರಡಡಿ ದೂರದಲ್ಲಿ ನಿಲ್ಲಿಸಿ. ಈ ಎರಡನೇ ತಪ್ಪು ನಿಮಗೆ ಬಂಗಾರ: ಗಾಬರಿಯಾದಾಗ ಕೈ ಎಂತ ಮಾಡುತ್ತದೆ ಎಂದು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಮೂರು ಚೆಂಡು 12 ವಾರದಲ್ಲಿ ಎಲ್ಲರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅದಕ್ಕೇ ಬೇಗ ಒಲಿಯುವ ಒಂದೆರಡು ವಿದ್ಯೆ ಜೊತೆಗಿರಲಿ. ಕೋಲಿನ ತುದಿಯಲ್ಲಿ ತಿರುಗಿಸುವ ಪ್ಲಾಸ್ಟಿಕ್ ತಟ್ಟೆ ಹತ್ತು–ಹದಿನೈದು ನಿಮಿಷದಲ್ಲಿ ಹೆಚ್ಚಿನವರಿಗೆ ಬರುತ್ತದೆ. ಇನ್ನೊಂದು ಖರ್ಚಿಲ್ಲದ್ದು, ಕೋಲು ಕಟ್ಟಿದ ಹಿಡಿಸೂಡಿಯನ್ನು (ಕಡ್ಡಿ ಪೊರಕೆ) ತಲೆಕೆಳಗು ಮಾಡಿ ಅಂಗೈಯಲ್ಲಿ ನಿಲ್ಲಿಸುವುದು. ಉದ್ದ ಹೆಚ್ಚಿದಷ್ಟೂ, ಭಾರ ಮೇಲಿದ್ದಷ್ಟೂ ಅದು ನಿಧಾನವಾಗಿ ವಾಲುತ್ತದೆ, ಕೈಗೆ ಸರಿಪಡಿಸಲು ಸಮಯ ಸಿಗುತ್ತದೆ. ಪೆನ್ಸಿಲ್ ನಿಲ್ಲಿಸಲು ಯಾರಿಂದಲೂ ಆಗದ್ದು ಇದೇ ಕಾರಣಕ್ಕೆ. ನೋಡಬೇಕಾದದ್ದು ತುದಿಯನ್ನು. ಕೈಯನ್ನು ನೋಡಿದರೆ ಬಿತ್ತೆಂದೇ ಲೆಕ್ಕ.

ಬಿದ್ದಾಗ ಇಡೀ ಹಾಲಿಗೆ ಒಂದೇ ಕೂಗು ಇರಲಿ: "ಹೆಕ್ಕು!" ನಗುವುದು, "ಅಯ್ಯೋ" ಅನ್ನುವುದು ಎರಡೂ ಬೇಡ. ಮೊದಲ ದಿನವೇ ಎಲ್ಲರೂ ಬೇಕೆಂದೇ ಹತ್ತು ಸಲ ಬೀಳಿಸಿ ಹತ್ತು ಸಲ ಕೂಗಲಿ.

---

ಕೇಳುವಕಿವಿ_ಮಣಿಪಾಲ

ಹದಿಹರೆಯದವರೊಂದಿಗೆ ಆಪ್ತ ಸಮಾಲೋಚನೆ ಮಾಡುವವಳಾಗಿ ಮಾತಿನ ಭಾಗಕ್ಕೆ ಉತ್ತರಿಸುತ್ತೇನೆ.

"ನಿನಗೆ ಏನನ್ನಿಸಿತು?" ಎಂದು ಮೊದಲೇ ಕೇಳಬೇಡಿ. ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಮೊದಲು ಮೈ, ಆಮೇಲೆ ಹೆಸರು, ಕೊನೆಗೆ ಕಾರಣ. ಈ ಕ್ರಮ ತಪ್ಪದಿರಲಿ. ಕಸರತ್ತಿನ ಮಧ್ಯೆ ಎರಡು ಮೂರು ಸಲ "ನಿಂತಲ್ಲೇ!" ಎಂದು ಕೂಗಿ. ಹತ್ತು ಸೆಕೆಂಡ್ ಎಲ್ಲರೂ ಇದ್ದ ಹಾಗೇ ನಿಂತು ಮೂರು ಜಾಗ ಮಾತ್ರ ಗಮನಿಸಬೇಕು: ದವಡೆ, ಹೊಟ್ಟೆ, ಅಂಗೈ. ಬಿಗಿಯೋ ಸಡಿಲವೋ, ಬಿಸಿಯೋ ತಣ್ಣಗೋ. ಉತ್ತರ ಹೇಳಬೇಕಾಗಿಲ್ಲ. ಮತ್ತೆ ಆಟ ಮುಂದುವರಿಯಲಿ. ಮೊದಲ ಎರಡು ವಾರ ಇಷ್ಟೇ ಸಾಕು. ಭಾವನೆಗಳ ಹೆಸರು ಎತ್ತಲೇಬೇಡಿ.

ಮೂರನೇ ವಾರ ಪ್ರತಿಯೊಬ್ಬರಿಗೂ ಮನುಷ್ಯಾಕೃತಿಯ ರೇಖಾಚಿತ್ರ ಇರುವ ಒಂದು ಹಾಳೆ ಕೊಡಿ. ಇವತ್ತು ಎಲ್ಲಿ ಬಿಸಿಯಾಯಿತು, ಎಲ್ಲಿ ಜಡವಾಯಿತು ಎಂದು ಎರಡು ಬಣ್ಣದಲ್ಲಿ ತುಂಬಿಸಲಿ. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ 701 ಜನರಿಂದ ಇಂಥದ್ದೇ ಚಿತ್ರ ತುಂಬಿಸಿದಾಗ ಸಿಟ್ಟಿಗೆ ತಲೆ, ಎದೆ, ತೋಳುಗಳು ಕಾವೇರಿದಂತೆಯೂ ದುಃಖಕ್ಕೆ ಕೈಕಾಲುಗಳು ಸೋತಂತೆಯೂ ಬಹಳ ಮಂದಿ ಗುರುತಿಸಿದ್ದರು. ಆದರೆ ಆ ನಕ್ಷೆಯನ್ನು ಮಕ್ಕಳಿಗೆ "ಸರಿಯುತ್ತರ" ಎಂದು ತೋರಿಸಬೇಡಿ. ಒಬ್ಬನ ಭಯ ಹೊಟ್ಟೆಯಲ್ಲಿ, ಇನ್ನೊಬ್ಬಳದು ಗಂಟಲಲ್ಲಿ ಇರಬಹುದು. ತನ್ನದು ಎಲ್ಲಿ ಎಂದು ತಿಳಿಯುವುದೇ ಕಲಿಕೆ.

ನಾಲ್ಕನೇ ವಾರದಿಂದ ಹೆಸರಿನ ಚೀಟಿಗಳು. ಗಾಬರಿ, ಹೆದರಿಕೆ, ನಾಚಿಕೆ, ಅವಮಾನ, ಕಿರಿಕಿರಿ, ಸಿಟ್ಟು, ಹೊಟ್ಟೆಕಿಚ್ಚು, ನಿರಾಸೆ, ಗೊಂದಲ, ಒಂಟಿತನ, ಹುರುಪು, ಹೆಮ್ಮೆ, ನಿರಾಳ – ಹದಿನೈದರ ಒಳಗೆ ಇರಲಿ. ಗೋಡೆಗೆ ಅಂಟಿಸಿ. ತುಳು, ಬ್ಯಾರಿ, ಕೊಂಕಣಿಯಲ್ಲಿ ಬರೆದು ಸೇರಿಸಲು ಖಾಲಿ ಚೀಟಿಗಳೂ ಇರಲಿ. ಮನೆಯ ಮಾತಿನಲ್ಲಿ ಹೇಳುವ ಭಾವನೆ ಶಾಲೆಯ ಕನ್ನಡದಲ್ಲಿ ಹೇಳುವುದಕ್ಕಿಂತ ನಿಖರವಾಗಿರುತ್ತದೆ. ಕೊನೆಯ ಹತ್ತು ನಿಮಿಷ ಪುಸ್ತಕದಲ್ಲಿ ಒಂದೇ ವಾಕ್ಯ: "ಇವತ್ತು ______ ಆದಾಗ ನನ್ನ ______ (ಮೈಯ ಜಾಗ) ______ ಆಯಿತು. ಅದು ______ ಇರಬಹುದು." ಆ "ಇರಬಹುದು" ಬೇಕೇ ಬೇಕು. ನಿಶ್ಚಯವಾಗಿ ಹೇಳಬೇಕು ಎಂಬ ಒತ್ತಡ ಅದರಿಂದ ಇಳಿಯುತ್ತದೆ.

ಈ ಪ್ರಾಯದಲ್ಲಿ ಒಂದು ವಿಷಯ ಅರ್ಥವಾದರೆ ಬಹಳ ಉಪಕಾರ: ಹೆದರಿಕೆಗೂ ಹುರುಪಿಗೂ ಮೈಯ ಲಕ್ಷಣಗಳು ಬಹುಪಾಲು ಒಂದೇ. ಎದೆಬಡಿತ, ಬೆವರಿದ ಅಂಗೈ, ಒಣಗಿದ ಬಾಯಿ. ಮುಂದೆ ಆಗಲಿರುವುದನ್ನು ನಾವು ಹೇಗೆ ಎಣಿಸುತ್ತೇವೆ ಎಂಬುದರ ಮೇಲೆ ಒಂದಕ್ಕೆ ಹೆದರಿಕೆ ಎನ್ನುತ್ತೇವೆ, ಇನ್ನೊಂದಕ್ಕೆ ಹುರುಪು. ತಟ್ಟೆ ಕೋಲಿಗೆ ಏರಿಸುವ ಮೊದಲಿನ ಕ್ಷಣದಲ್ಲಿ "ನಿಂತಲ್ಲೇ" ಎಂದರೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. "ಟೆನ್ಶನ್ ಮಾಡ್ಬೇಡ" ಎನ್ನುವ ಬದಲು "ಮೈ ತಯಾರಾಗ್ತಾ ಉಂಟು" ಎಂದು ಹೇಳುವುದನ್ನು ನೀವೂ ರೂಢಿ ಮಾಡಿಕೊಳ್ಳಿ.

ಇನ್ನು ಗಡಿಗಳು. ಇದು ಕಲಿಕೆ, ಚಿಕಿತ್ಸೆಯಲ್ಲ. ಯಾರನ್ನೂ ಕಣ್ಣು ಮುಚ್ಚಲು ಬಲವಂತ ಮಾಡಬೇಡಿ. ಕೆಲವು ಮಕ್ಕಳಿಗೆ ಅದು ಭಯ ತರುತ್ತದೆ; ನೆಲ ನೋಡಿದರೂ ಸಾಕು. ಪುಸ್ತಕ ಓದುವುದು ನೀವೊಬ್ಬರೇ, ಅದೂ ಮಗು ಒಪ್ಪಿದರೆ ಎಂದು ಮೊದಲ ದಿನ ಹೇಳಿ. ಅದರ ಜೊತೆಗೇ, "ಯಾರಾದರೂ ನಿಮಗೆ ಹಾನಿ ಮಾಡುತ್ತಿದ್ದರೆ, ಅಥವಾ ನೀವೇ ನಿಮಗೆ ಹಾನಿ ಮಾಡಿಕೊಳ್ಳುವ ಯೋಚನೆ ಬರುತ್ತಿದ್ದರೆ ಅದನ್ನು ನಾನು ಗುಟ್ಟಾಗಿ ಇಡಲಿಕ್ಕಾಗುವುದಿಲ್ಲ" ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಕಡ್ಡಾಯ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡೂ ಸಂಖ್ಯೆ ಹಾಲಿನ ಗೋಡೆಯಲ್ಲಿರಲಿ. ನಿದ್ದೆ, ಊಟ ಎರಡು ವಾರದಿಂದ ಕೆಟ್ಟಿದ್ದರೆ, ಕೈಯಲ್ಲಿ ಗೀರಿದ ಗುರುತುಗಳಿದ್ದರೆ, ಮೊದಲು ಆಡುತ್ತಿದ್ದ ಮಗು ಒಮ್ಮೆಲೇ ಎಲ್ಲದರಿಂದ ದೂರ ಸರಿದರೆ ತಿಂಗಳ ಭೇಟಿಗೆ ಕಾಯದೆ ಸಮಾಲೋಚಕಿಗೆ ಫೋನ್ ಮಾಡಿ.

---

ಬ್ರಹ್ಮಾವರ_ಪಿಟಿ

ಇಬ್ಬರಿಗೂ ತುಂಬ ಉಪಕಾರ. ಇನ್ನೂ ಎರಡು ಕೇಳುವುದುಂಟು. ಒಬ್ಬ ಹುಡುಗ ನಾಲ್ಕು ಸಲ ಬೀಳಿಸಿ, ಐದನೇ ಸಲ ಚೆಂಡನ್ನು ಗೋಡೆಗೆ ಬಿಸಾಡಿ ಹೊರಗೆ ನಡೆದ ಎಂದಿಟ್ಟುಕೊಳ್ಳುವ, ಆಗ ಎಂತ ಮಾಡುವುದು? ಮತ್ತೆ, ಹುಡುಗ–ಹುಡುಗಿಯರು ಕೈ ಹಿಡಿಯುವ ಜೋಡಿ ಕಸರತ್ತಿಗೆ ಇಲ್ಲಿ ಯಾರೂ ಮುಂದೆ ಬರುವುದಿಲ್ಲ. ಅದನ್ನು ಬಿಟ್ಟೇ ಬಿಡುವುದಾ?

---

ಕೇಳುವಕಿವಿ_ಮಣಿಪಾಲ

ಬಿಸಾಡಿ ಹೋದವನನ್ನು ಆ ಕ್ಷಣದಲ್ಲಿ ಕರೆಯಬೇಡಿ, ಉಳಿದವರ ಎದುರು ಹೆಸರೆತ್ತಬೇಡಿ. ಇಂಥ ಸಿಟ್ಟಿನ ಅಡಿಯಲ್ಲಿ ಹೆಚ್ಚಾಗಿ ಇರುವುದು, ಎಲ್ಲರೂ ನೋಡಿದರಲ್ಲ ಎಂಬ ಅವಮಾನ. ಎಲ್ಲರ ಎದುರು ಕರೆದರೆ ಅದು ಇಮ್ಮಡಿಯಾಗುತ್ತದೆ. ಹಾಲಿನ ಬಾಗಿಲ ಒಳಬದಿಯಲ್ಲಿ ಒಂದು ಚಾಪೆ ಹಾಕಿಡಿ. ಯಾರು ಬೇಕಾದರೂ, ಕೇಳದೆ, ಐದು ನಿಮಿಷ ಅಲ್ಲಿ ಹೋಗಿ ಕೂರಬಹುದು ಎಂದು ಮೊದಲ ದಿನದಿಂದ ನಿಯಮ ಮಾಡಿ. ಚಾಪೆ ನಿಮ್ಮ ಕಣ್ಣಿಗೆ ಕಾಣುವಲ್ಲಿರಬೇಕು. ಅವನು ಕೂತಾಗ ಪಕ್ಕದಲ್ಲಿ ಹೋಗಿ, ಎದುರಿನಿಂದಲ್ಲ, ಬದಿಯಲ್ಲಿ ಕೂತು ಒಂದೇ ಮಾತು: "ಉಸಿರು ಎಲ್ಲಿಗೆ ಮುಟ್ತಾ ಉಂಟು, ಎದೆಗಾ ಹೊಟ್ಟೆಗಾ?" ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ, ಹತ್ತು ಸಲ. ಉಸಿರು ಬಿಡುವಾಗ ಎದೆಬಡಿತ ಸಹಜವಾಗಿಯೇ ನಿಧಾನವಾಗುತ್ತದೆ, ಅದಕ್ಕೇ ಹೊರಗಿನ ಉಸಿರು ಉದ್ದ ಇರಬೇಕು. ಯಾಕೆ ಬಿಸಾಡಿದೆ ಎಂಬ ಪ್ರಶ್ನೆ ಅವತ್ತು ಬೇಡ. ಮುಂದಿನ ವಾರ ಅವನಿಗೆ ಬೇಗ ಒಲಿಯುವ ತಟ್ಟೆ ಕೊಟ್ಟು ಶುರು ಮಾಡಿ.

---

ತಾಸೆಪೆಟ್ಟು

ಟೀಚರೇ, ನೀವು ಉಡುಪಿಯವರು, ಕೈಯಲ್ಲೇ ಹುಲಿವೇಷ ಇಟ್ಟುಕೊಂಡು ಬರೇ ಚೆಂಡಿನಲ್ಲಿ ನಿಲ್ಲುವುದು ಎಂತಕ್ಕೆ? ಅಷ್ಟಮಿಯ ವಿಟ್ಲಪಿಂಡಿ ಉತ್ಸವ, ಮಂಗಳೂರು ದಸರಾ ನೋಡಿ ಬೆಳೆದ ಮಕ್ಕಳಿಗೆ ಕೈ ನೆಲಕ್ಕಿಟ್ಟು ಕಾಲು ಮೇಲೆ ಮಾಡುವುದು, ಲಾಗ ಹಾಕುವುದು, ನೆಲದ ನೋಟು ಬಾಯಲ್ಲಿ ಎತ್ತುವುದು ಹೊಸತೇನಲ್ಲ. ನಮ್ಮೂರಿನ ಸರ್ಕಸ್ಸೇ ಅದು. ಹುಲಿ ಕುಣಿಯಲು ನಾಚುವ ಹುಡುಗ ಈ ಕಡೆ ಕಡಿಮೆ. ಹುಡುಗಿಯರ ತಂಡಗಳೂ ಈಗ ಉಂಟು.

ಉಪಯೋಗಿಸುವುದು ಹೀಗೆ. ತಾಸೆ (ಹುಲಿವೇಷಕ್ಕೆ ಬಾರಿಸುವ ಚರ್ಮವಾದ್ಯ) ಬಾರಿಸುವುದಕ್ಕೆ ಐದು ವೇಗ ನಿಗದಿ ಮಾಡಿ. ಒಂದು ಅಂದರೆ ಮಲಗಿದ ಹುಲಿ, ಮೈ ಪೂರ್ತಿ ನೆಲಕ್ಕೆ. ಎರಡು, ಏಳುವ ಹುಲಿ. ಮೂರು, ಹೊಂಚು: ಮಂಡಿ ಮಡಚಿ, ಸೊಂಟ ಕೆಳಗೆ, ಪಂಜ ಮುಂದೆ. ನಾಲ್ಕು, ಸುತ್ತು ಹಾಕುವುದು. ಐದು, ಹಾರಿ ಪಂಜ ಬೀಸುವುದು. ಐದರಲ್ಲಿ 20 ಸೆಕೆಂಡ್ ಆದ ಕೂಡಲೇ ತಾಸೆ ನಿಲ್ಲಿಸಿ. ಎಲ್ಲರೂ ಬಿಗಿಯಾಗಿ ನಿಂತು ಮಣಿಕಟ್ಟಿನ ನಾಡಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಲಿ. ಆಮೇಲೆ ಐದರಿಂದ ಒಂದಕ್ಕೆ ಮೆಲ್ಲ ಇಳಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಎಣಿಸಲಿ. ತನ್ನ ಮೈ ಎಷ್ಟು ಬೇಗ ಏರುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು ಎಂದು ಅಂಕೆಯಲ್ಲಿ ಕಂಡಾಗ ದೊಡ್ಡ ಮಕ್ಕಳು ನಂಬುತ್ತಾರೆ.

ಒಂದು ಎಚ್ಚರಿಕೆ. "ಸಿಟ್ಟೆಲ್ಲ ಹುಲಿಯಲ್ಲಿ ಹಾಕಿ ಖಾಲಿ ಮಾಡಿ" ಎಂದು ದಯವಿಟ್ಟು ಹೇಳಬೇಡಿ. ಸಿಟ್ಟು ತರಿಸಿದವನನ್ನು ನೆನೆದು ಗುದ್ದಿದರೆ ಸಿಟ್ಟು ಇಳಿಯುವುದಿಲ್ಲ, ಇನ್ನೂ ಹೆಚ್ಚುತ್ತದೆ ಎಂದು ಪ್ರಯೋಗಗಳಲ್ಲೇ ಕಂಡದ್ದುಂಟು. ಇಲ್ಲಿ ಕಲಿಯಬೇಕಾದದ್ದು ಏರುವುದನ್ನಲ್ಲ, ಏರಿದ ಮೈಯನ್ನು ತಾಸೆ ನಿಂತಲ್ಲಿ ನಿಲ್ಲಿಸುವುದನ್ನು. ಅದಕ್ಕೇ ಹೆಚ್ಚು ಸಮಯ ಕೊಡಬೇಕಾದದ್ದು ಇಳಿಯುವ ಭಾಗಕ್ಕೆ.

ಯಕ್ಷಗಾನ ಕಲಿಯುವ ಮಕ್ಕಳು ನಿಮ್ಮಲ್ಲಿ ಒಂದಿಬ್ಬರಾದರೂ ಇರುತ್ತಾರೆ. ರೌದ್ರ, ಭಯಾನಕ ಎಲ್ಲ ಅವರಿಗೆ ಮಾಡಿ ತೋರಿಸಲು ಬರುತ್ತದೆ. ತೋರಿಸಲಿ, ಒಳ್ಳೆಯದೇ. ಆದರೆ ರಂಗದ ಮೇಲಿನ ರೌದ್ರ ಪ್ರೇಕ್ಷಕನಿಗಾಗಿ ಅಳತೆ ಮಾಡಿ ಹಾಕಿದ್ದು. ಮನೆಯಲ್ಲಿ ಬರುವ ಸಿಟ್ಟಿಗೆ ಆ ಅಳತೆ ಇಲ್ಲ. ಎರಡನ್ನೂ ಮಕ್ಕಳೇ ಹೋಲಿಸಿ ಹೇಳಲಿ: ಹುಬ್ಬು ಎರಡರಲ್ಲೂ ಗಂಟಾಗುತ್ತದಾ, ಉಸಿರು ಎರಡರಲ್ಲೂ ಒಂದೇ ಥರವಾ?

ಶೀಟಿನ ಮೇಲೆ ಮಳೆ ಹೊಡೆಯುವಾಗ ನಿಮ್ಮ "ನಿಂತಲ್ಲೇ" ಯಾರಿಗೂ ಕೇಳಿಸುದಿಲ್ಲ. ಆಗಲೂ ತಾಸೆಯೇ ಬೇಕು. ತಾಸೆ ಇಲ್ಲದಿದ್ದರೆ ಬ್ಯಾಂಡ್ ಸೆಟ್ಟಿನ ಡ್ರಮ್ ಆದೀತು.

---

ಮಲ್ಲಕಂಬ_ಮೂಡುಬಿದಿರೆ

ಜೋಡಿ ಕಸರತ್ತು ಬಿಡಬೇಡಿ. ನಂಬಿಕೆ, ಹಿಂಜರಿಕೆ, ಜವಾಬ್ದಾರಿ ಇದರಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಆದರೆ ಇದೇ ಭಾಗದಲ್ಲಿ ಪೆಟ್ಟಾಗುವುದು. ಆದ್ದರಿಂದ ಏಳನೇ ವಾರಕ್ಕೆ ಮೊದಲು ಬೇಡ.

ಶುರು: ಎದುರುಬದುರು ನಿಂತು ಕಾಲ ಬೆರಳಿಗೆ ಕಾಲ ಬೆರಳು ತಾಗಿಸಿ, ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದು, ಕೈ ನೇರ ಇಟ್ಟು ಇಬ್ಬರೂ ಹಿಂದಕ್ಕೆ ವಾಲುವುದು. ಬೆರಳು ಹಿಡಿದರೆ ಬೆವರಿಗೆ ಜಾರುತ್ತದೆ, ಮಣಿಕಟ್ಟೇ ಹಿಡಿಯಬೇಕು. ಮೊಣಕೈ ಮಡಚಿದರೆ ತೋಳು ಸೋಲುತ್ತದೆ. ತೂಕ ವ್ಯತ್ಯಾಸ ಇದ್ದರೆ ಹಗುರದವರು ಹೆಚ್ಚು ವಾಲಬೇಕು, ಭಾರದವರು ಕಡಿಮೆ. ಮುಟ್ಟಲು ಇಷ್ಟವಿಲ್ಲದವರಿಗೆ ಮಣಿಕಟ್ಟಿನ ಬದಲು ದಪ್ಪ ಬೈರಾಸಿನ (ಟವೆಲ್) ಎರಡು ತುದಿ, ಒಂದು ಸುತ್ತು ಅಂಗೈಗೆ ಹಾಕಿ ಹಿಡಿಯಲಿ. ಬೈರಾಸು ಜಾರಿದರೆ ಹಿಂದಕ್ಕೆ ಬೀಳುತ್ತಾರೆ, ಆದ್ದರಿಂದ ಇಬ್ಬರ ಹಿಂದೆಯೂ ಮ್ಯಾಟ್. ಆರು ಮ್ಯಾಟಿಗೆ ಒಮ್ಮೆಗೆ ಮೂರೇ ಜೋಡಿ. ಉಳಿದವರು ಚೆಂಡು, ತಟ್ಟೆಯಲ್ಲಿರಲಿ. ಜೋಡಿಯನ್ನು ಮಕ್ಕಳೇ ಆರಿಸಲಿ. ಹುಡುಗ–ಹುಡುಗಿ ಸೇರಿಸಲೇಬೇಕು ಎಂಬ ಹಟ ಬೇಡ.

ವಾಲಲು ಆಗದೆ ಸೊಂಟ ಹಿಂದಕ್ಕೆ ಬಿಟ್ಟು ನಿಲ್ಲುವ ಮಕ್ಕಳಿರುತ್ತಾರೆ. "ನಿನಗೆ ನಂಬಿಕೆ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಡಿ. ಇಬ್ಬರೂ ಒಂದು ಇಂಚು ಮಾತ್ರ ವಾಲಿ, ನಿಲ್ಲಿ, ಮತ್ತೊಂದು ಇಂಚು ಎಂದು ಹೇಳಿ. ಎಷ್ಟು ಇಂಚಿನಲ್ಲಿ ಮೈ "ಸಾಕು" ಎಂದಿತು ಎಂಬುದನ್ನು ಅವರೇ ಪುಸ್ತಕದಲ್ಲಿ ಬರೆಯಲಿ. "ಇಳಿ" ಎಂಬ ಮಾತು ಯಾರು ಹೇಳಿದರೂ, ತಮಾಷೆಗೆ ಹೇಳಿದರೂ, ಆ ಕ್ಷಣವೇ ಬಿಡಿಸಬೇಕು. ಈ ಒಂದು ನಿಯಮದಲ್ಲಿ ಸಡಿಲಿಕೆ ಕೊಟ್ಟರೆ ಇಡೀ ಕಾರ್ಯಕ್ರಮ ಹಾಳು.

ಪಿರಮಿಡ್ ಮೂವರದ್ದು ಮಾತ್ರ. ಇಬ್ಬರು ಭುಜಕ್ಕೆ ಭುಜ ತಾಗಿಸಿ ನಾಲ್ಕು ಕಾಲಿನಲ್ಲಿ: ಅಂಗೈ ಭುಜದ ನೇರ ಕೆಳಗೆ, ಮಂಡಿ ಸೊಂಟದ ನೇರ ಕೆಳಗೆ, ಬೆನ್ನು ಚಪ್ಪಟೆ. ಮೂರನೆಯವರು ಒಂದೊಂದು ಮಂಡಿ ಒಬ್ಬೊಬ್ಬರ ಸೊಂಟದ ಮೂಳೆಯ ಮೇಲೆ, ಒಂದೊಂದು ಕೈ ಒಬ್ಬೊಬ್ಬರ ಭುಜದ ಮೇಲೆ ಇಟ್ಟು ಮಂಡಿಯೂರಬೇಕು. ಬೆನ್ನಿನ ನಡುಭಾಗಕ್ಕೆ ಭಾರ ಬೀಳಲೇಬಾರದು. ಮುಂದೊಬ್ಬರು, ಹಿಂದೊಬ್ಬರು ಕಾವಲು. ಇಳಿಯುವಾಗ ಹಿಂದಕ್ಕೆ ಒಂದೊಂದೇ ಕಾಲು, ಜಿಗಿಯುವಂತಿಲ್ಲ. ಮೊಸರು ಕುಡಿಕೆ ನೋಡಿದ ಹುಡುಗರು ಮೂರು ಅಂತಸ್ತು ಕೇಳಿಯೇ ಕೇಳುತ್ತಾರೆ. ಖಡಾಖಂಡಿತವಾಗಿ ಇಲ್ಲ ಎನ್ನಿ. ಶೀಟಿನ ಕಬ್ಬಿಣಕ್ಕೆ ಹಗ್ಗ, ಬಟ್ಟೆ ಕಟ್ಟಿ ನೇತಾಡುವ ವಿದ್ಯೆಯೂ ಬೇಡ. ನೇತಾಡುವಾಗ ಬೀಳುವ ಎಳೆತ ಮೈತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು, ಆ ಚೌಕಟ್ಟನ್ನು ಅದಕ್ಕಾಗಿ ಕಟ್ಟಿದ್ದಲ್ಲ.

ನಿಮ್ಮ ಟೈಲ್ಸ್ ನೆಲ ಜೂನ್–ಜುಲೈಯಲ್ಲಿ ಬೆವರುತ್ತದೆ. ಶುರುವಿಗೆ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಬರಿಗಾಲಿನಲ್ಲೇ ಮಾಡಿಸಿ. ಸಾಕ್ಸ್ ಹಾಕಿದರೆ ಜಾರಿ ಬೀಳುವುದು ಖಂಡಿತ. ಬಳೆ, ಗೆಜ್ಜೆ, ವಾಚು, ಕಿವಿಯ ಜೋತಾಡುವ ಓಲೆ ತೆಗೆಸಿ. ಶಾಲು, ಶಿರವಸ್ತ್ರಕ್ಕೆ ಗುಂಡುಸೂಜಿ ಇರದಿರಲಿ. ಅಸ್ತಮಾ, ಅಪಸ್ಮಾರ, ಹಳೆ ಮೂಳೆಮುರಿತ, ಹೃದಯದ ತೊಂದರೆ ಇದೆಯಾ ಎಂದು ಪೋಷಕರಿಂದ ಬರೆಸಿಕೊಳ್ಳಿ. ಮುಟ್ಟಿನ ದಿನ ಯಾರಾದರೂ ಕೂತು ನೋಡುತ್ತೇನೆ ಎಂದರೆ ಕಾರಣ ಕೇಳಬೇಡಿ.

---

ಅಮ್ಮ_ಕಾಪು

ಪೋಷಕರ ಕಡೆಯಿಂದ ಒಂದು ಪ್ರಶ್ನೆ. ಸರ್ಕಸ್ಸಿನಲ್ಲಿ ಮಕ್ಕಳನ್ನು ಸೇರಿಸುವುದು ಕಾನೂನು ಪ್ರಕಾರ ತಪ್ಪಲ್ಲವಾ? ಓದುವ ಮಕ್ಕಳಿಗೆ ಇದರಿಂದ ಮಾರ್ಕಿಗೆ ತೊಂದರೆ ಆಗುದಿಲ್ಲವಾ?

---

ಮೂರುಚೆಂಡು_ಕುಡ್ಲ

ಅಕ್ಕ, ಒಳ್ಳೆಯ ಪ್ರಶ್ನೆ, ಕೇಳಬೇಕಾದದ್ದೇ. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸರ್ಕಸ್ ಕಂಪೆನಿಗಳಲ್ಲಿ ಮಕ್ಕಳನ್ನು ದುಡಿಸುವುದರ ಬಗ್ಗೆ. ದೂರದೂರಿನ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಡೇರೆಯಲ್ಲಿ ದುಡಿಸುತ್ತಿದ್ದ ಪದ್ಧತಿಗೆ ಅದು ತಡೆ. ಶಾಲೆಯ ಹಾಲಿನಲ್ಲಿ, ಟಿಕೆಟ್ಟಿಲ್ಲದೆ, ಸಂಬಳವಿಲ್ಲದೆ, ಪೋಷಕರ ಒಪ್ಪಿಗೆಯಿಂದ ವಾರಕ್ಕೊಂದು ಗಂಟೆ ಕಲಿಯುವುದು ವ್ಯಾಯಾಮದ ಪಾಠ.

ಹದಿಹರೆಯದವರ ಒಳಿತಿಗೆ ಈ ವಿದ್ಯೆ ಬಳಸುವುದು ಹೊಸ ಸಂಗತಿಯೂ ಅಲ್ಲ. ಕೆನಡಾದ ಸಿರ್ಕ್ ದು ಸೊಲೇಯ್ ಸಂಸ್ಥೆ 1995ರಲ್ಲಿ ಬೀದಿಯ, ಸಂಕಷ್ಟದ ಯುವಜನರಿಗಾಗಿಯೇ ಸಿರ್ಕ್ ದು ಮೋಂದ್ ಎಂಬ ಕಾರ್ಯಕ್ರಮ ಶುರು ಮಾಡಿತು. ಕಾಂಬೋಡಿಯಾದ ಬಟ್ಟಂಬಾಂಗ್‌ನಲ್ಲಿ ನಿರಾಶ್ರಿತರ ಶಿಬಿರದಿಂದ ಮರಳಿದ ಯುವಕರು 1994ರಲ್ಲಿ ಕಟ್ಟಿದ ಫಾರ್ ಶಾಲೆಯಲ್ಲಿ ಸರ್ಕಸ್ ಕಲಿಸುತ್ತಾರೆ. ಕಾಬೂಲಿನಲ್ಲಿ 2002ರಿಂದ ಮಕ್ಕಳ ಸಂಚಾರಿ ಸರ್ಕಸ್ ಕೆಲಸ ಮಾಡಿದೆ. ಇನ್ನು ಭಾರತದ ಸರ್ಕಸ್ಸಿನ ತವರು ನಮ್ಮ ಪಕ್ಕದಲ್ಲೇ ಉಂಟು. ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ತೆರೆದದ್ದು ತಲಶ್ಶೇರಿಯಲ್ಲಿ, ಮಂಗಳೂರಿನಿಂದ ರೈಲು ಹತ್ತಿದರೆ ಮೂರು ಗಂಟೆಯ ದಾರಿ.

ಮಾರ್ಕಿನ ಬಗ್ಗೆ ದೊಡ್ಡ ಮಾತು ಆಡಬಾರದು. ಜಗ್ಲಿಂಗ್ ಕಲಿತವರ ಮಿದುಳಿನ ಕೆಲವು ಭಾಗ ಮೂರು ತಿಂಗಳಲ್ಲಿ ಬೆಳೆದದ್ದು 2004ರ ಒಂದು ಜರ್ಮನ್ ಅಧ್ಯಯನದಲ್ಲಿ ಕಂಡಿತ್ತು. ಅದು ವಯಸ್ಕರ ಮೇಲೆ ಮಾಡಿದ್ದು, ಚಲನೆಯನ್ನು ಕಣ್ಣಿನಲ್ಲಿ ಹಿಂಬಾಲಿಸುವ ಭಾಗಕ್ಕೆ ಸಂ‌ಬಂಧಿಸಿದ್ದು. ಅದನ್ನು ತೋರಿಸಿ "ಬುದ್ಧಿ ಹೆಚ್ಚುತ್ತದೆ" ಎಂದು ಪೋಷಕರ ಸಭೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಶನಿವಾರದ ಒಂದು ಗಂಟೆ ಕಾರ್ಯಕ್ರಮದಿಂದ ಓದಿಗೆ ಅಡ್ಡಿ ಬರುವುದೂ ಇಲ್ಲ.

---

ಬ್ರಹ್ಮಾವರ_ಪಿಟಿ

ಎಲ್ಲರ ಮಾತೂ ಬರೆದಿಟ್ಟುಕೊಂಡೆ. 1–2ನೇ ವಾರ ಬಟ್ಟೆ ಮತ್ತು ಹಿಡಿಸೂಡಿ, 3–6 ಚೆಂಡು, ತಟ್ಟೆ ಮತ್ತು ಹುಲಿಯ ಐದು ವೇಗ, 7–10 ಜೋಡಿ ಮತ್ತು ಮೂವರ ಪಿರಮಿಡ್, ಕೊನೆಯ ಎರಡು ವಾರ ಮಕ್ಕಳಿಗೆ ಬೇಕಾದದ್ದು. ಕೆಂಪು ಎಚ್ಚರಿಕೆ ಬಂದು ಡಿಸಿಯವರು ರಜೆ ಕೊಟ್ಟರೆ ಎಂತ ಮಾಡುವುದು? ಮತ್ತೆ, ಇದು ಕೆಲಸ ಮಾಡ್ತಾ ಉಂಟಾ ಎಂದು ಹೆಡ್ಮಾಸ್ಟರಿಗೆ ತೋರಿಸುವುದು ಹೇಗೆ? ವಾರ್ಷಿಕೋತ್ಸವದಲ್ಲಿ ಒಂದು ಐಟಂ ಆಗ್ಲಿ ಎಂದು ಅವರಿಗೆ ಆಸೆ ಉಂಟು.

---

ಕೇಳುವಕಿವಿ_ಮಣಿಪಾಲ

ಮಳೆ ರಜೆ ಬಂದ ವಾರವನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ, ಇಡೀ ಸಾಲನ್ನೇ ಒಂದು ವಾರ ಮುಂದೂಡಿ. ಕಸರತ್ತಿನ ಮೆಟ್ಟಿಲು ತಪ್ಪಿದರೆ ಪೆಟ್ಟಾಗುತ್ತದೆ. ರಜೆಯ ನಂತರದ ಶನಿವಾರ ಹಿಂದಿನ ವಾರದ್ದನ್ನೇ 20 ನಿಮಿಷ ಮಾಡಿಸಿ ಶುರು ಮಾಡಿ. ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ವಾರ ಹೊಸ ವಿದ್ಯೆ ಬೇಡ, ಉಸಿರು ಮತ್ತು ಬಟ್ಟೆ ಮಾತ್ರ.

ತೋರಿಸಲು ನಾಲ್ಕು ವಿಷಯ ಬರೆದಿಡಿ, ಸಾಕು. ಮೊದಲ ತಿಂಗಳಿನ ಪುಸ್ತಕಗಳಲ್ಲಿ ಭಾವನೆಗೆ ಎಷ್ಟು ಬೇರೆ ಬೇರೆ ಹೆಸರು ಬಂದಿವೆ, ಕೊನೆಯ ತಿಂಗಳಲ್ಲಿ ಎಷ್ಟು. ಬಿದ್ದ ಚೆಂಡು ಹೆಕ್ಕಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ. ಒಬ್ಬೊಬ್ಬರದೂ ಬೇಡ, ಒಟ್ಟು ಹಾಲಿನದು ನೋಡಿದರೆ ಗೊತ್ತಾಗುತ್ತದೆ. ಬಾಗಿಲ ಬಳಿಯ ಚಾಪೆಗೆ ಯಾರೂ ಹೇಳದೆ ತಾವಾಗಿ ಹೋಗಿ ಬಂದವರು ಎಷ್ಟು. ಈ ಸಂಖ್ಯೆ ನಡುವಿನ ವಾರಗಳಲ್ಲಿ ಹೆಚ್ಚಿದರೆ ಗಾಬರಿಯಾಗಬೇಡಿ, ಅದು ಒಳ್ಳೆಯ ಲಕ್ಷಣ. ನಾಲ್ಕನೆಯದು, ಈ 32 ಮಕ್ಕಳ ಬಗ್ಗೆ ತರಗತಿ ಶಿಕ್ಷಕರಿಗೆ ಬರುವ ಜಗಳದ ದೂರು. ಅಂಕ, ಗ್ರೇಡು, "ಉತ್ತಮ ಭಾವನಾ ವಿದ್ಯಾರ್ಥಿ" ಎಂಬ ಬಹುಮಾನ ಯಾವುದೂ ಬೇಡ. ಅದು ಬಂದ ಕೂಡಲೇ ಮತ್ತೆ ಟೀಚರಿಗೆ ಖುಷಿಯಾಗುವ ಉತ್ತರ ಬರೆಯಲು ಶುರು ಮಾಡುತ್ತಾರೆ.

ವಾರ್ಷಿಕೋತ್ಸವಕ್ಕೆ ಕಸರತ್ತು ಮಾಡಲಿ, ತೊಂದರೆ ಇಲ್ಲ. ಇಷ್ಟವಿದ್ದವರು ಮಾತ್ರ, ವೇದಿಕೆಯಲ್ಲೂ ಬಿದ್ದಾಗ "ಹೆಕ್ಕು!" ಎಂಬ ಕೂಗಿನೊಂದಿಗೆ. ಅಭ್ಯಾಸವನ್ನು 12 ವಾರ ಮುಗಿದ ಮೇಲೆ ಬೇರೆ ಹೊತ್ತಿನಲ್ಲಿ ಇಟ್ಟುಕೊಳ್ಳಿ. ಪುಸ್ತಕದ ಸಾಲುಗಳು, ಬಣ್ಣ ತುಂಬಿದ ಆಕೃತಿಗಳು ಮಾತ್ರ, ಹೆಸರು ಅಳಿಸಿದರೂ, ವೇದಿಕೆಗೂ ಬೇಡ, ಶಾಲೆಯ ವಾಟ್ಸಾಪ್ ಗುಂಪಿಗೂ ಬೇಡ. ಹನ್ನೆರಡನೇ ವಾರ ಆಯಾ ಮಕ್ಕಳ ಕೈಗೇ ಕೊಟ್ಟು ಮನೆಗೆ ಕಳಿಸಿ.